ಡಾಕ್ಟರ್ ಬಲೆಸ್ತ್ರಾ ಅವರ ಹಾಲಿನ ಪುಡಿ ಡಬ್ಬಿ

ತಂದಿಲ್, 22 ಜನವರಿ 2018

‘ನೋಟುಪುಸ್ತಕದ ಪಾಲಕರು’ ಎಂದು ಸಹಿ ಮಾಡಿರುವ ಶ್ರೀ ಫೆರ್ಮಿನ್ ಲುಸಾರ್ದಿ ಅವರಿಗೆ,

ನಾನು ನೆಲಿದಾ ಬಲೆಸ್ತ್ರಾ, ಅರ್ಥಶಾಸ್ತ್ರಜ್ಞ ಡಾಕ್ಟರ್ ಔರೇಲಿಯೊ ಬಲೆಸ್ತ್ರಾ ಅವರ ತಂಗಿ. ನಲವತ್ತು ವರ್ಷ ಇಲ್ಲಿನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಆದ್ದರಿಂದ ನೇರ ಪ್ರಶ್ನೆಗೆ ಬರುತ್ತೇನೆ.

ನಮ್ಮ ಔಷಧಿ ಅಂಗಡಿಯ ಓರೆಸ್ತೆಸ್ ನಿಮ್ಮ ಷೇರು ಕಚೇರಿಯ ಪುಸ್ತಿಕೆಯೊಂದನ್ನು ತಂದುಕೊಟ್ಟ. ಷೇರು ಕೊಳ್ಳುವಾಗ ತಾನೊಬ್ಬನೇ ಪಾಲಿಸಲೆಂದು ನನ್ನಣ್ಣ ಏಳು ಸೂತ್ರಗಳನ್ನು ಬರೆದಿಟ್ಟುಕೊಂಡಿದ್ದನಂತೆ, ಆ ನೋಟುಪುಸ್ತಕ ನಿಮಗೆ ಸಿಕ್ಕಿತಂತೆ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಕೈಬರಹ ದೇಶದಲ್ಲಿ ಇನ್ಯಾರಿಗೂ ಓದಲು ಬರುತ್ತಿರಲಿಲ್ಲ. ಅವನ ಹನ್ನೊಂದು ಪುಸ್ತಕಗಳನ್ನೂ ಮಂತ್ರಿಗಳಿಗೆ ಬರೆದ ಕಾಗದಗಳನ್ನೂ ದುಂಡಗೆ ನಕಲು ಮಾಡಿಕೊಟ್ಟವಳು ನಾನು. ಈ ನೋಟುಪುಸ್ತಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದೇ ಒಂದು ಪುಟದ ನಕಲು ಕಳಿಸಿ. ಮಿಕ್ಕದ್ದು ನೋಡಿದ ಮೇಲೆ.

ನೆಲಿದಾ ಬಲೆಸ್ತ್ರಾ


ಬ್ಯೂನಸ್ ಐರಿಸ್, 1 ಫೆಬ್ರವರಿ 2018

ಪರಮಪೂಜ್ಯ ದೊನ್ಯಾ ನೆಲಿದಾ ಅವರ ಸನ್ನಿಧಾನಕ್ಕೆ,

ತಮ್ಮ ಕಾಗದ ಕೈಗೆ ಬಂದಾಗ ನಾನು ಎದ್ದು ನಿಂತೆ, ಕೋಟಿನ ಗುಂಡಿ ಹಾಕಿಕೊಂಡೆ, ಆಮೇಲೆಯೇ ಒಡೆದೆ. ಪಕ್ಕದ ಮೇಜಿನವರು ಯಾರೋ ಸತ್ತರೆಂದುಕೊಂಡು ಶಿಲುಬೆ ಗುರುತು ಮಾಡಿಕೊಂಡರು. ಅವರದೇನೂ ತಪ್ಪಿಲ್ಲ, ನನ್ನ ಮುಖ ಹಾಗೇ ಇತ್ತು.

ಡಾಕ್ಟರ ಕೊನೆಯ ವರ್ಷ ವಿಶ್ವವಿದ್ಯಾಲಯದಲ್ಲಿ ಅವರ ಚೀಲ ಹೊರುತ್ತಿದ್ದವನು ನಾನೇ. ಚೀಲದಲ್ಲಿ ಮೂರು ಕಿತ್ತಳೆ, ಒಂದು ಕೊಡೆ, ಎಂದೂ ತಿದ್ದದ ಉತ್ತರಪತ್ರಿಕೆಗಳು. ಅವರಂತೆ ಮಾತಾಡಿ ಕ್ಯಾಂಟೀನಿನಲ್ಲಿ ನಗಿಸುವುದರಲ್ಲಿ ನನಗೆ ಆ ವರ್ಷ ಅತ್ಯುನ್ನತ ಶ್ರೇಣಿ ಸಿಕ್ಕಿತು, ಬೇರಾವುದರಲ್ಲೂ ಸಿಗಲಿಲ್ಲ.

ಇನ್ನು ನೋಟುಪುಸ್ತಕದ ವಿಚಾರ. ಅದು ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಬೀಗದ ಕೈ ನಮ್ಮ ಯಜಮಾನರಾದ ಸೆನ್ಯೋರ್ ಗ್ರಾಸ್ಸೊ ಅವರ ಜೇಬಿನಲ್ಲಿದೆ, ಆ ಜೇಬು ಅವರ ಹೊಟ್ಟೆಯ ಕೆಳಗಿದೆ. ಪುಟ ಕಳಿಸಲು ಅಪ್ಪಣೆಯಿಲ್ಲ. ಆದರೆ ಗಣಿತ ಬಲ್ಲವರಿಗೆ ಸಾಕಾಗುವ ಒಂದು ಸುಳಿವು ಕೊಡುತ್ತೇನೆ. ಪುಸ್ತಿಕೆ ಅಚ್ಚಾಗುವಾಗ ಮೂಲದ ಮೊದಲ ಪುಟ ಬಿಟ್ಟುಹೋಯಿತು. ಅದರ ನೆತ್ತಿಯ ಮೇಲೆ ಒಂದು ತಾರೀಕಿತ್ತು: ಡಿಸೆಂಬರ್ 28.

ಆ ದಿನ ನಮ್ಮೂರುಗಳಲ್ಲಿ ಏನೇನು ನಡೆಯುತ್ತದೆ, ಯಾರು ಯಾರಿಗೆ ಏನೇನು ಹೇಳುತ್ತಾರೆ, ಅದನ್ನು ಎಷ್ಟು ನಂಬಬೇಕು ಎಂದು ತಮಗೆ ನಾನು ಹೇಳಬೇಕಾಗಿಲ್ಲ. ತಾರೀಕಿನ ಮೇಲೆ ಬೆರಳಿಟ್ಟು ನಾಲ್ಕನೆಯ ಸೂತ್ರವನ್ನು ಇನ್ನೊಮ್ಮೆ ಓದಿ. ಆಮೇಲೆ ನನ್ನ ಕಿವಿ ಹಿಂಡಿ.

ಚೀಲ ಹೊತ್ತ ಸೇವಕ,
ಫೆರ್ಮಿನ್


ತಂದಿಲ್, 12 ಫೆಬ್ರವರಿ 2018

ಫೆರ್ಮಿನ್, ಮಗನೇ,

ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ಆ ತಾರೀಕು ಹೇಳಿದ ಮೇಲೆ ನೀನು ಹೊರಗಿನವನಲ್ಲ.

ನಮ್ಮಮ್ಮ ತೀರಿಕೊಂಡದ್ದು 1996ರ ಡಿಸೆಂಬರ್ 28ರಂದು. ಔರೇಲಿಯೊ ಮಣ್ಣಿಗೆ ಬಂದ, ಒಂದು ಮಾತಾಡಲಿಲ್ಲ, ಕಣ್ಣೀರು ಹಾಕಲಿಲ್ಲ, ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಇಪ್ಪತ್ತೊಂದು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವನು ಒಳಗೆ ಕೂತು ಬರೆಯುತ್ತಿದ್ದ! ‘ತಾಯಿ ಎಸೆಯದೆ ಎತ್ತಿಡುವಂಥ ವಸ್ತುವನ್ನು ಮಾಡುವ ಕಂಪನಿಯನ್ನೇ ಕೊಳ್ಳು.’ ನಾಲ್ಕನೆಯ ಸೂತ್ರ. ಅಮ್ಮ ಬಿಸ್ಕತ್ತಿನ ಡಬ್ಬಿಯನ್ನೂ ಎಸೆಯುತ್ತಿರಲಿಲ್ಲ ಕಣೋ. ಓದಿ ಅಡುಗೆಮನೆಯಲ್ಲೇ ಕೂತುಬಿಟ್ಟೆ.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿದವಳಲ್ಲ. ಅಣ್ಣ ದೂರದರ್ಶನದಲ್ಲಿ ಕೂತು ‘ನಮ್ಮ ಪೆಸೊ ನಂಬಿ, ನಮ್ಮ ಕಂಪನಿಗಳ ಷೇರು ಕೊಳ್ಳಿ, ದೇಶ ಕಟ್ಟಿ’ ಅಂತ ಉಪದೇಶ ಮಾಡುತ್ತಿದ್ದ. ಭಾನುವಾರ ಇಲ್ಲಿಗೆ ಬಂದರೆ, ರವಿಯೋಲಿ ತಿನ್ನುತ್ತಾ, “ನೆಲೀ, ಬಾಯಿ ಮುಚ್ಕೊಂಡು ಡಾಲರ್ ತಗೋ. ಹಾಲಿನ ಪುಡಿ ಡಬ್ಬೀಲಿ ಹಾಕು. ಯಾರಿಗೂ ಹೇಳ್ಬೇಡ” ಅನ್ನುತ್ತಿದ್ದ. ಹಾಗೇ ಮಾಡಿದೆ. ಸಂಬಳದಲ್ಲಿ, ಪಿಂಚಣಿಯಲ್ಲಿ, ಮೂವತ್ತು ವರ್ಷ. ಡಬ್ಬಿಯಲ್ಲಿ ಈಗ ನಲವತ್ತೊಂದು ಸಾವಿರ ಡಾಲರ್ ಇದೆ. ಅಷ್ಟೇ ವರ್ಷ ಅವನ ಬಗ್ಗೆ ನಾಚಿಕೆಯೂ ಇತ್ತು. ಊರಿಗೆ ಒಂದು, ಮನೆಗೆ ಒಂದು ಹೇಳುವ ಮನುಷ್ಯ ನನ್ನಣ್ಣ ಅಂತ.

ಈಗ ಗೊತ್ತಾಯಿತು, ಅವನು ಊರಿಗೆ ಹೇಳಿದ್ದನ್ನೇ ತನಗೂ ಬರೆದುಕೊಂಡಿದ್ದ. ನನಗೆ ಹೇಳಿದ್ದು ಬರೀ ಹೆದರುಪುಕ್ಕಲಿ ತಂಗಿಗೆ ಹೇಳುವ ಮಾತು. ಡಬ್ಬಿಯನ್ನು ಕೆಳಗಿಳಿಸಿದ್ದೇನೆ. ಅದಷ್ಟನ್ನೂ ಅವನ ಸೂತ್ರದ ಮೇಲೆ ಹಾಕುತ್ತೇನೆ. ತಾರೀಕಿನ ವಿಷಯ ನಿನ್ನ ಯಜಮಾನರಿಗೂ ಬರೆದಿದ್ದೇನೆ.

ನಿನ್ನ
ನೆಲಿದಾ


ಬ್ಯೂನಸ್ ಐರಿಸ್, 16 ಫೆಬ್ರವರಿ 2018 (ತುರ್ತು)

ದೊನ್ಯಾ ನೆಲಿದಾ,

ಡಬ್ಬಿಯನ್ನು ದಯವಿಟ್ಟು ಮತ್ತೆ ಮೇಲಕ್ಕಿಡಿ. ಹಾಲಿನ ಪುಡಿ ಡಬ್ಬಿಗಳು ಎತ್ತರದಲ್ಲಿ ಶೋಭಿಸುತ್ತವೆ ಎಂದು ಸಕಲ ಶಾಸ್ತ್ರಗಳೂ ಸಾರುತ್ತವೆ.

ತಮಾಷೆ ಬಿಟ್ಟು (ಬಿಡುವುದು ನನಗೆ ಕಷ್ಟ) ಒಂದು ವೃತ್ತಿರಹಸ್ಯ ಹೇಳುತ್ತೇನೆ. ಪುಸ್ತಿಕೆಯ ನಡುಪುಟದಲ್ಲಿ ಹನ್ನೊಂದು ಬಣ್ಣದ ನಕ್ಷೆ ಇದೆಯಲ್ಲ, ಏಳು ಸೂತ್ರ ಪಾಲಿಸಿದ್ದರೆ ಇಪ್ಪತ್ತು ವರ್ಷದಲ್ಲಿ ಒಂದಕ್ಕೆ ಒಂಬತ್ತಾಗುತ್ತಿತ್ತು ಎನ್ನುವುದು? ಅದು ನಮ್ಮ ಕಚೇರಿಯ ಕಂಪ್ಯೂಟರ್ ಕೃಪೆ. ಹಳೆಯ ಬೆಲೆಗಳನ್ನೆಲ್ಲ ಅದಕ್ಕೆ ತಿನ್ನಿಸಿ, ಯಾವ ಷೇರು ಗೆದ್ದಿದೆ ಎಂದು ಮೊದಲು ನೋಡಿ, ಆಮೇಲೆ ಆ ಷೇರಿಗೆ ಒಪ್ಪುವಂತೆ ಸೂತ್ರ ಹೊಲಿದರೆ ಯಾರು ಬೇಕಾದರೂ ಮಹರ್ಷಿ. ನಿನ್ನೆ ಓಡಿದ ಕುದುರೆಯ ಮೇಲೆ ಇವತ್ತು ಪಣ ಕಟ್ಟಿದ ಹಾಗೆ. ಇದಕ್ಕೆ ಆಧುನಿಕ ಷೇರು ವಿಶ್ಲೇಷಣೆ ಎಂದು ಹೆಸರು. ನನಗೆ ತಿಂಗಳಿಗೆ ಸಂಬಳ ಕೊಡುತ್ತಾರೆ.

ದಯವಿಟ್ಟು ಕಾಯಿರಿ. ಎಲ್ಲವನ್ನೂ ಒಂದು ದಿನ ಎದುರಿಗೇ ಕೂತು ಹೇಳುತ್ತೇನೆ.

ಫೆರ್ಮಿನ್


ತಂದಿಲ್, 9 ಮಾರ್ಚ್ 2018

ಫೆರ್ಮಿನ್,

ನಿನ್ನ ವಿನಯ ನೋಡಿ ನಗು ಬಂತು. ಲೆಕ್ಕದಲ್ಲಿ ನೀನೇ ತಪ್ಪಿದೆ ಮಗನೇ! ಸೂತ್ರ ಆಮೇಲೆ ಹೊಲಿದಿದ್ದರೆ ಮೋಸ ಸರಿ. ಆದರೆ ಔರೇಲಿಯೊ ಬರೆದದ್ದು 1996ರಲ್ಲಿ. ನಕ್ಷೆ ಶುರುವಾಗುವುದು ಅದರ ಮಾರನೆಯ ವರ್ಷದಿಂದ. ಅವನು ಯಾವ ಕುದುರೆಯನ್ನೂ ನೋಡಿರಲಿಲ್ಲ. ಹತ್ತನೇ ತರಗತಿಯವರೂ ಇದನ್ನು ಒಪ್ಪುತ್ತಾರೆ.

ಸೆನ್ಯೋರ್ ಗ್ರಾಸ್ಸೊ ಕಾರು ಕಳಿಸಿದ್ದರು. ರಾಜಧಾನಿಗೆ ಹೋಗಿ ನೋಟರಿ ಮುಂದೆ, ಬರಹ ನನ್ನ ಅಣ್ಣನದೇ, ತಾರೀಕು 1996ರ ಡಿಸೆಂಬರ್ 28 ಎಂದು ಸಹಿ ಹಾಕಿದೆ. ಬೆಣ್ಣೆರೊಟ್ಟಿ, ಕಾಫಿ ಕೊಟ್ಟರು. ಪುಟ ತೋರಿಸಿ ಅಂದದ್ದಕ್ಕೆ ಗ್ರಾಸ್ಸೊ, “ಬೀಗದ್ಕೈ ಮನೇಲಿ ಬಿಟ್ಟ್‌ಬಂದೆ ನೋಡಿ ಅಮ್ಮಾ, ನನ್ ತಲೆಗಿಷ್ಟು! ಮುಂದಿನ್ಸಲ ಖಂಡಿತ” ಅಂದರು. ಸಜ್ಜನರು. ನಿನ್ನನ್ನು ಕೇಳಿದೆ. ಹೊಟ್ಟೆ ಕೆಟ್ಟು ಬೆಳಗಿನಿಂದ ಶೌಚಾಲಯದಲ್ಲಿದ್ದೀಯ ಅಂದರು. ಬಾಗಿಲ ಹೊರಗೆ ನಿಂತು “ಅನ್ನದ ಗಂಜಿ ಕುಡಿಯಪ್ಪ” ಅಂದೆ, ಕೇಳಿಸಿತೇ?

ಡಬ್ಬಿ ಖಾಲಿಯಾಯಿತು. ಓರೆಸ್ತೆಸ್ ತನ್ನ ಉಳಿತಾಯವನ್ನೂ ಹಾಕಿದ. ಅವನನ್ನು ನೋಡಿ ಪಾದ್ರಿಗಳು, ಗಿಣ್ಣು ಅಂಗಡಿಯವರು, ನನ್ನ ಹಳೆಯ ವಿದ್ಯಾರ್ಥಿಗಳು. ಒಟ್ಟು ಮೂವತ್ತೆಂಟು ಮಂದಿ. ‘ಮೇಡಂ ಸಹಿ ಹಾಕಿದ್ದಾರೆ’ ಅಂತ.

ನೆಲಿದಾ


ತಂದಿಲ್, 16 ಮೇ 2018

ಫೆರ್ಮಿನ್,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಡಬ್ಬಿ ಖಾಲಿ ಮಾಡಿದಾಗ ಇಪ್ಪತ್ತಿದ್ದ ಡಾಲರ್ ಈಗ ಇಪ್ಪತ್ತೈದು ಪೆಸೊ ಆಗಿದೆ ಎಂದು ರೇಡಿಯೊ ಹೇಳಿತು. ಷೇರುಗಳು ಕೆಳಗೆ. ಐದನೆಯ ಸೂತ್ರ: ‘ಬಿದ್ದಾಗ ಎದ್ದು ಓಡಬೇಡ, ಕೂತಿರು.’ ಕೂತಿದ್ದೇನೆ. ಮೂವತ್ತೆಂಟು ಮಂದಿಯೂ ನನ್ನ ಮುಖ ನೋಡುತ್ತಾ ಕೂತಿದ್ದಾರೆ. ಬ್ರೆಡ್ ತರಲು ಹೋದರೂ ನೋಡುತ್ತಾರೆ.

ನೆಲಿದಾ


ತಂದಿಲ್, 25 ಜುಲೈ 2018

ಹುಷಾರಾಗಿದ್ದೀಯಾ? ಅಷ್ಟು ಬರೆದರೆ ಸಾಕು.

ನೆಲಿದಾ


ಬ್ಯೂನಸ್ ಐರಿಸ್, 31 ಆಗಸ್ಟ್ 2018

ದೊನ್ಯಾ ನೆಲಿದಾ,

ನೋಟುಪುಸ್ತಕ ಇಲ್ಲ. ಎಂದೂ ಇರಲಿಲ್ಲ. ಏಳು ಸೂತ್ರ ಬರೆದವನು ನಾನು.

ಕಳೆದ ಡಿಸೆಂಬರ್ 28, ಅಂದರೆ ಊರಿಗೆ ಊರೇ ಒಬ್ಬರನ್ನೊಬ್ಬರು ಬೇಸ್ತು ಬೀಳಿಸುವ ಮುಗ್ಧರ ದಿನ. ಕಚೇರಿಯಲ್ಲಿ ಮಾತೆತ್ತಿದರೆ ‘ಬಲೆಸ್ತ್ರಾ ಹೀಗೆ ಹೇಳಿದ್ದರು, ಹಾಗೆ ಹೇಳಿದ್ದರು’. ಸರಿ, ನಾನೂ ಹೇಳಿಸಿದೆ. ಗೆದ್ದ ಷೇರುಗಳ ಪಟ್ಟಿ ಮುಂದಿಟ್ಟುಕೊಂಡು ಅವರ ಗಂಭೀರ ಧಾಟಿಯಲ್ಲಿ ಏಳು ಸೂತ್ರ ಹೊಲಿದೆ. ಏಳನೆಯದು ‘ಮಂಗಳವಾರ ಮಾರಬೇಡ’. ಅದನ್ನು ಓದಿಯಾದರೂ ನಗುತ್ತಾರೆ ಎಂದುಕೊಂಡಿದ್ದೆ. ಮೇಲಿನ ಪುಟದಲ್ಲಿ ದೊಡ್ಡದಾಗಿ ತಾರೀಕು ಹಾಕಿ ಗ್ರಾಸ್ಸೊ ಅವರ ಮೇಜಿನ ಮೇಲಿಟ್ಟೆ. ಅವರು ಆಗಲೇ ಸಮುದ್ರಕ್ಕೆ ರಜೆ ಹೋಗಿದ್ದರು. ಯಾರೋ ಆ ಪುಟದ ಮೇಲೆ ಕಾಫಿ ಲೋಟ ಇಟ್ಟರು, ಯಾರೋ ಕೊಳೆಯಾಯಿತೆಂದು ಎಸೆದರು. ಜನವರಿ ಎಂಟಕ್ಕೆ ಅವರು ಕೆಂಪಗೆ ಸುಟ್ಟುಕೊಂಡು ಬಂದು, ಓದಿ, ನನ್ನನ್ನು ತಬ್ಬಿಕೊಂಡರು. “ಲೋ ಫೆರ್ಮಿನ್, ಇಂಥ ನಿಧಿ ಇಟ್ಕೊಂಡು ಸುಮ್ನಿದ್ಯಲ್ಲೋ ಕಳ್ಳ!” ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಬಳ ಏರಿಸಿದರು. ನಗು ಬರಲೆಂದು ಕಾಯುತ್ತಾ ನಿಂತೆ. ಬರಲಿಲ್ಲ. ‘ಪಾಲಕರು’ ಎಂದು ಸಹಿ ಮಾಡು ಎಂದರು, ಮಾಡಿದೆ.

ನಿಮಗೆ ಆ ತಾರೀಕನ್ನು ಹೇಳಿದ್ದು ಇದೆಲ್ಲ ಕುಚೇಷ್ಟೆ ಎಂದು ತಿಳಿಯಲಿ ಅಂತ. ನಿಮ್ಮ ತಾಯಿಯ ವಿಷಯ ನನಗೆ ಗೊತ್ತಿರಲಿಲ್ಲ. ದೇವರಾಣೆಗೂ.

ನೀವು ಬಾಗಿಲ ಹೊರಗೆ ಗಂಜಿ ಎಂದದ್ದು ಕೇಳಿಸಿತು.

ಮಾರನೆಯ ದಿನ ಗ್ರಾಸ್ಸೊಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿದರು. ಪೆಟ್ಟಿಗೆ ಖಾಲಿ ಅಂತ ಅವರಿಗೂ ಯಾವತ್ತೋ ಅನುಮಾನ ಬಂದಿತ್ತು, ತೆಗೆದು ನೋಡಿರಲಿಲ್ಲ ಅಷ್ಟೆ. “ಸಹಿ ಯಾರ್ದು? ನಿಂದು. ಆಮೇಲೆ ಆ ಮುದುಕಮ್ಮಂದು. ನಂದೆಲ್ಲಿದೆ ತೋರ್ಸು? ಬಾಯ್ಬಿಟ್ರೆ ಮೊದ್ಲು ಒಳಗೆ ಹೋಗೋನು ನೀನು, ಎರಡ್ನೇದು ಆಯಮ್ಮ” ಎಂದರು. ಅದಕ್ಕೇ ಇಷ್ಟು ತಿಂಗಳು ಬರೆಯಲಿಲ್ಲ. ದಿನಾ ಬೆಳಗ್ಗೆ ಬಂದು ಖಾಲಿ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ಬಂದ ಗಿರಾಕಿಗಳಿಗೆ ಅದನ್ನು ತೋರಿಸುತ್ತೇನೆ.

ನಿನ್ನೆ ಡಾಲರ್ ಮೂವತ್ತೆಂಟು ದಾಟಿತು. ನಿಮ್ಮ ನಲವತ್ತೊಂದು ಸಾವಿರ ಇವತ್ತು ಹದಿನೇಳೂ ಇಲ್ಲ. ಯಾರಿಗೂ ತಿಳಿಯದಂತೆ ನಿಮ್ಮದಷ್ಟನ್ನು ಮಾರಿಸಿಕೊಡಬಲ್ಲೆ. ಹೂಂ ಅನ್ನಿ.

ಫೆರ್ಮಿನ್ ಲುಸಾರ್ದಿ


ತಂದಿಲ್, 14 ಸೆಪ್ಟೆಂಬರ್ 2018

ಫೆರ್ಮಿನ್,

ಕಾಗದವನ್ನು ನಾಲ್ಕು ಸಲ ಓದಿದೆ. ನಿನ್ನ ಮೇಲೆ ಎಷ್ಟು ಕೋಪ ಬಂತೆಂದರೆ ಕೆಂಪು ಪೆನ್ನು ಹುಡುಕಿದೆ. ಆಮೇಲೆ ಅದನ್ನು ನನ್ನ ಸಹಿಯ ಕೆಳಗೇ ಎಳೆಯಬೇಕಾಗಿ ಬಂತು. ಪುಟ ನೋಡದೆ ‘ನನ್ನ ಅಣ್ಣನ ಬರಹ’ ಎಂದು ಬರೆದುಕೊಟ್ಟೆನಲ್ಲ. ಹುಡುಗರು ನೋಡದೆ ಉತ್ತರ ಬರೆದರೆ ಸೊನ್ನೆ ಹಾಕುತ್ತಿದ್ದವಳು. ನನಗೆ ಅದು ನಿಜವಾಗಬೇಕಿತ್ತು, ಅದಕ್ಕೆ ಕಣ್ಣು ಮುಚ್ಚಿದೆ.

ಹಾಗಾದರೆ ಭಾನುವಾರ ಅಡುಗೆಮನೆಯಲ್ಲಿ ಅವನು ಹೇಳುತ್ತಿದ್ದ ಡಾಲರಿನ ಮಾತೇ ನಿಜ. ಅವನು ದೇಶಕ್ಕೆಲ್ಲ ಸುಳ್ಳು ಹೇಳಿದ. ನನಗೊಬ್ಬಳಿಗೆ ಹೇಳಲಿಲ್ಲ. ಇದರಿಂದ ಸಂತೋಷಪಡಬೇಕೋ ಬೇಡವೋ ಇನ್ನೂ ತಿಳಿಯುತ್ತಿಲ್ಲ.

ನನ್ನದೊಂದನ್ನೇ ಮಾರಬೇಡ. ಶಾಲೆಗೆ ಬೆಂಕಿ ಬಿದ್ದರೆ ಮೇಡಂ ಕೊನೆಗೆ ಹೊರಗೆ ಬರಬೇಕು, ಮೊದಲಿಗಲ್ಲ. ಮೂವತ್ತೆಂಟು ಮಂದಿ ಒಳಗಿದ್ದಾರೆ.

ಓರೆಸ್ತೆಸ್‌ಗೆ ಎಲ್ಲವನ್ನೂ ಹೇಳಿದೆ. ಗಲ್ಲಾದ ಹಿಂದಿನಿಂದ ನನ್ನನ್ನೇ ನೋಡಿದ. “ಬೆಲೆ ಇಳ್ದಿದೆ ಅಂತ ನಮ್ಮನ್ನೆಲ್ಲ ಹೆದರ್ಸಿ ಹೊರಗ್ ಹಾಕಿ, ನೀವೊಬ್ರೇ ಅಗ್ಗಕ್ಕೆ ಬಾಚ್ಕೋಬೇಕು ಅಂತಾನಾ ದೊನ್ಯಾ ನೆಲಿದಾ? ಡಾಕ್ಟರ ತಂಗಿ ಅಲ್ವಾ, ಗೊತ್ತು ಬಿಡಿ” ಅಂದು ಕಣ್ಣು ಮಿಟುಕಿಸಿದ. ಸಂಜೆ ಹೊತ್ತಿಗೆ ಇನ್ನಷ್ಟು ಕೊಂಡ. ಪಾದ್ರಿಗಳಿಗೆ ಹೇಳಿದೆ. ವಯಸ್ಸಾದ ಮೇಲೆ ಭಯ ಸಹಜ ಎಂದು ಆಶೀರ್ವಾದ ಮಾಡಿದರು.

ನನ್ನ ಮಾತನ್ನು ಯಾರೂ ನಂಬುತ್ತಿಲ್ಲ. ನೀನೇ ಹೇಳಬೇಕು, ಎಲ್ಲರ ಎದುರಿಗೆ, ಬಾಯಿ ಬಿಟ್ಟು. ನನ್ನ ಗತಿ ಯೋಚಿಸಬೇಡ. ಎಪ್ಪತ್ತೊಂಬತ್ತರವಳನ್ನು ಒಳಗೆ ಹಾಕಿದರೆ ಅಲ್ಲಿಯೂ ಭಾಗಾಕಾರ ಹೇಳಿಕೊಡುತ್ತೇನೆ.

ನೆಲಿದಾ


ಬ್ಯೂನಸ್ ಐರಿಸ್, 10 ಡಿಸೆಂಬರ್ 2018

ದೊನ್ಯಾ ನೆಲಿದಾ,

ಮೂರು ತಿಂಗಳು ತಡ ಮಾಡಿದೆ. ಹೆದರಿಕೆಗೆ ಇನ್ನೊಂದು ಹೆಸರು ಕೊಡಲು ಇಷ್ಟು ದಿನ ಹುಡುಕಿದೆ, ಸಿಗಲಿಲ್ಲ.

ಈಗ ಅವಕಾಶ ಬಂದಿದೆ. ವರ್ಷದ ಕೊನೆಯ ಔತಣಕ್ಕೆ ಗಿರಾಕಿಗಳೆಲ್ಲರನ್ನೂ ಕರೆದಿದ್ದಾರೆ, ನಾನೂರು ಜನ. ನಿಮ್ಮ ಓರೆಸ್ತೆಸ್ ಕೂಡ ಬಸ್ಸು ಮಾಡಿಕೊಂಡು ಬರುತ್ತಿದ್ದಾನೆ. ನಿಮ್ಮ ಸಹಿ ಹಿಡಿದುಕೊಂಡು ಗ್ರಾಸ್ಸೊ ‘ನೋಟುಪುಸ್ತಕದ ಹುಟ್ಟುಹಬ್ಬ’ ಎಂದು ಹೆಸರಿಟ್ಟಿದ್ದಾರೆ. ‘ಪಾಲಕರ’ ಭಾಷಣ ನನ್ನದು. ಅಲ್ಲೇ ಹೇಳುತ್ತೇನೆ. ಯಾವ ಅಲಂಕಾರವೂ ಇಲ್ಲದೆ, ನಾಲ್ಕು ವಾಕ್ಯ. ಕಂಠಪಾಠ ಮಾಡುತ್ತಿದ್ದೇನೆ. ನೀವು ಬರುವುದು ಬೇಡ, ಸೊಂಟದ ನೋವಿಗೆ ಆರು ಗಂಟೆಯ ಬಸ್ಸು ಆಗದು.

ಹೆದರಿಕೆಯಲ್ಲಿ ನನಗೆ ನಾಲ್ಕು ವಾಕ್ಯ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ.

ಫೆರ್ಮಿನ್


ಬ್ಯೂನಸ್ ಐರಿಸ್, 29 ಡಿಸೆಂಬರ್ 2018

ದೊನ್ಯಾ ನೆಲಿದಾ,

ಹೇಳಿದೆ.

ವೇದಿಕೆ ಹತ್ತಿದೆ. ಮೈಕು ಹಿಡಿದೆ. “ನೋಟುಪುಸ್ತಕ ಇಲ್ಲ. ಬರೆದೋನು ನಾನು. ದೊನ್ಯಾ ನೆಲಿದಾ ಅವರಿಗೆ ನಾನು ಮೋಸ ಮಾಡ್ದೆ. ನಿಮ್ಮ ದುಡ್ಡು ವಾಪಸ್ ತಗೊಳ್ಳಿ” ಎಂದೆ. ಮುಂದಿನ ಸಾಲಿನ ಹೆಂಗಸೊಬ್ಬಳ ಕೈಯಲ್ಲಿದ್ದ ಒಣದ್ರಾಕ್ಷಿ ಬ್ರೆಡ್ಡು ಜಾರಿ ಬಿತ್ತು. ಅಬ್ಬಾ, ಗೆದ್ದೆ ಎಂದುಕೊಂಡೆ.

ಆಗ ಹಿಂದಿನಿಂದ ಒಬ್ಬ ಕೂಗಿದ, “ಲೋ, ಇವತ್ತು ಡಿಸೆಂಬರ್ ಇಪ್ಪತ್ತೆಂಟು ಕಣ್ರೋ!”

ನಾನೂರು ಜನ ಒಟ್ಟಿಗೆ ನಕ್ಕರು. ಕುರ್ಚಿ ಬಡಿದರು, ಕಣ್ಣೊರೆಸಿಕೊಂಡರು. ನಿಮ್ಮ ಓರೆಸ್ತೆಸ್ ಮೇಜಿನ ಮೇಲೆ ಹತ್ತಿ, “ಮೇಡಮ್ಮೂ ಇವನೂ ಸೇರ್ಕೊಂಡು ಮೂರು ತಿಂಗಳಿಂದ ಇದನ್ನ ಕಟ್ಟಿದಾರೆ, ನಾನು ಆಗ್ಲೇ ಹಿಡ್ದಿದ್ದೆ!” ಎಂದು ಬಿಯರ್ ಎತ್ತಿದ. ಗ್ರಾಸ್ಸೊ ಬೆವರೊರೆಸಿಕೊಂಡು ಮೈಕು ಕಿತ್ತುಕೊಂಡರು. “ಮುಗ್ಧತೆ ನಿಮ್ಮನ್ನ ಕಾಪಾಡ್ಲಿ!” ಎಂದರು. ಆ ದಿನ ಬೇಸ್ತು ಬಿದ್ದವರಿಗೆ ಹೇಳುವ ಮಾತು ಅದೊಂದೇ, ಅಲ್ಲವೇ. ‘ಇಲ್ಲ, ಇದು ನಿಜ, ನಿಜ’ ಎಂದು ಕಿರುಚಿದೆ. ಕಿರುಚಿದಷ್ಟೂ ನಕ್ಕರು. ಅಳು ಬಂತು. ಅದಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ವರ್ಷಪೂರ್ತಿ ಆ ತಾರೀಕಿನ ಜೊತೆ ಬದುಕಿದವನು ನಾನು. ಅದು ಏನು ದಿನ ಎಂಬುದನ್ನೇ ಮರೆತೆ. ಅದು ಆಗಲೇ ನೋಟುಪುಸ್ತಕದ ದಿನ ಆಗಿಬಿಟ್ಟಿತ್ತು, ನನಗೂ.

ಇವತ್ತು ಬೆಳಗ್ಗೆ ಗ್ರಾಸ್ಸೊ ಪುನಃ ಬಾಗಿಲು ಹಾಕಿದರು. ಔತಣದಲ್ಲೇ ಅರವತ್ತು ಹೊಸ ಖಾತೆ ತೆರೆದರಂತೆ. “ಜನಕ್ಕೆ ಹೊಸದು ಬೇಕಂತೆ ಕಣೋ. ಎಂಟ್ನೇ ಸೂತ್ರ ಹುಡುಕು. ಮಾರ್ಚ್ ಒಳಗೆ. ಡಾಕ್ಟರ ಕೈಬರಹದಲ್ಲೇ ಇದ್ರೆ ಇನ್ನೂ ಚೆನ್ನ” ಎಂದು ಬೆನ್ನು ತಟ್ಟಿದರು. ನಾನು ಕುರ್ಚಿಗೆ ಬಂದು ಕೂತಿದ್ದೇನೆ. ಪೆಟ್ಟಿಗೆ ಪಕ್ಕದಲ್ಲಿದೆ. ನನ್ನ ಮಾತನ್ನು ಇನ್ನು ಯಾರೂ ನಂಬುವುದಿಲ್ಲ ದೊನ್ಯಾ ನೆಲಿದಾ. ನಾನು ಏನು ಹೇಳಿದರೂ ಅವರಿಗೆ ನಗು ಬರುತ್ತದೆ.

ಫೆರ್ಮಿನ್


ತಂದಿಲ್, 5 ಜನವರಿ 2019

ಫೆರ್ಮಿನ್, ಮಗನೇ,

ಓರೆಸ್ತೆಸ್ ಬಸ್ಸಿಳಿದು ನೇರ ನನ್ನ ಮನೆಗೆ ಬಂದು ನಿನ್ನ ಅಳುವನ್ನು ಅಭಿನಯಿಸಿ ತೋರಿಸಿದ. ಬಾಗಿಲು ಹಾಕಿಕೊಂಡ ಮೇಲೆ ನನಗೂ ನಗು ಬಂತು, ಕ್ಷಮಿಸು. ಆಮೇಲೆ ಬೇರೆಯದೂ ಬಂತು. 28ರಂದು ಅಮ್ಮನಿಗೆ ಹೂವಿಟ್ಟು ಬಂದಿದ್ದೆ. ಅಲ್ಲಿ ನಿಂತಾಗಲೂ ನನಗೂ ನೆನಪಾಗಲಿಲ್ಲ ನೋಡು, ಅದು ಏನು ದಿನ ಅಂತ.

ಒಂದು ವಾರ ಯೋಚಿಸಿದೆ. ಲೆಕ್ಕ ಹೀಗಿದೆ. ನಿಜವನ್ನು ನಾನು ಹೇಳಿದೆ, ನಂಬಲಿಲ್ಲ. ನೀನು ಹೇಳಿದೆ, ನಂಬಲಿಲ್ಲ. ಅವರು ನಂಬುವುದು ಔರೇಲಿಯೊನನ್ನು, ಅದೂ ಅವನು ಬರೆಯದ ಪುಸ್ತಕದಲ್ಲಿ. ಹಾಗಿದ್ದರೆ ಅವನೇ ಹೇಳಲಿ.

ನಾನು ಮೂವತ್ತು ವರ್ಷ ಅವನ ಕೈಬರಹ ಓದಿದವಳು. ಬರೆಯಲು ಎಷ್ಟು ಹೊತ್ತು? ಅವನ ಹಳೆಯ ಪೆನ್ನು, ಹಳದಿಯಾದ ಹಾಳೆ ಎರಡೂ ಮೇಲಿನ ಕೋಣೆಯಲ್ಲಿವೆ. ಈ ಸಲ ನೋಡಿಯೇ ಸಹಿ ಹಾಕುತ್ತೇನೆ. ಒಳಗೆ ಹಾಕುವುದಾದರೆ ಇಬ್ಬರನ್ನೂ ಹಾಕಲಿ. ನಿನ್ನ ಗ್ರಾಸ್ಸೊ ಮಾರ್ಚ್ ಅಂದರಲ್ಲ? ಅಷ್ಟು ದಿನ ಬೇಡ. ಇದರ ಜೊತೆಗೇ ಇಟ್ಟಿದ್ದೇನೆ. ಅವರು ಓದುವ ಮೊದಲೇ ಅಚ್ಚಿಗೆ ಕೊಡು. ಏಳನೆಯದನ್ನು ಓದಿಯೂ ನಗದೆ ಅಚ್ಚು ಹಾಕಿದವರು ಎಂಟನೆಯದನ್ನೂ ಹಾಕುತ್ತಾರೆ. ಓರೆಸ್ತೆಸ್‌ಗೆ ಮೊದಲ ಪ್ರತಿ.

ತಾರೀಕು ಮಾತ್ರ ಡಿಸೆಂಬರ್ 28 ಬೇಡ ಅಂತ ಬೇರೆ ಹಾಕಿದ್ದೇನೆ. ಭಾನುವಾರ, ಮಧ್ಯಾಹ್ನದ ಊಟ. ಸೂತ್ರ ಇದು, ಒಂದಕ್ಷರ ನಾನು ಸೇರಿಸಿಲ್ಲ:

‘ಎಂಟು. ನೆಲೀ, ಬಾಯಿ ಮುಚ್ಕೊಂಡು ಡಾಲರ್ ತಗೋ. ಹಾಲಿನ ಪುಡಿ ಡಬ್ಬೀಲಿ ಹಾಕು.’

ನೆಲಿದಾ